ಗಾಳಿಗೆ ಬೀಳುವ ಈಸೆಲ್, ಬೀಳದ ಲೆಕ್ಕ

ನಾಲ್ಕು ಕಾಲಿನ ಮೇಜು ಏರುತಗ್ಗಿನ ನೆಲದಲ್ಲಿ ಕುಂಟುತ್ತದೆ. ಒಂದು ಕಾಲಿನಡಿ ಕಾಗದ ಮಡಿಸಿ ತುರುಕಬೇಕು. ಕ್ಯಾನ್ವಾಸ್ ಹೊತ್ತು ನಿಲ್ಲುವ ಮೂರು ಕಾಲಿನ ಈಸೆಲ್‌ಗೆ ಆ ತಾಪತ್ರಯವಿಲ್ಲ. ಮೂರು ಬಿಂದುಗಳನ್ನು ಹೇಗೆ ಇಟ್ಟರೂ ಅವು ಒಂದೇ ಸಮತಲದಲ್ಲಿರುತ್ತವೆ. ಹಾಗಾಗಿ ಮೂರೂ ಕಾಲು ನೆಲ ಮುಟ್ಟಿಯೇ ಇರುತ್ತವೆ.

ಕುಂಟುವುದಿಲ್ಲ ಎಂದ ಮಾತ್ರಕ್ಕೆ ಬೀಳುವುದಿಲ್ಲ ಎಂದಲ್ಲ. ಈಸೆಲ್ ನಿಲ್ಲಬೇಕಾದರೆ ಅದರ ಗುರುತ್ವ ಕೇಂದ್ರದಿಂದ ಇಳಿಬಿಟ್ಟ ಗೆರೆ ಮೂರು ಕಾಲುಗಳ ನಡುವಿನ ತ್ರಿಕೋನದೊಳಗೆ ಬೀಳಬೇಕು. ಕ್ಯಾನ್ವಾಸ್ ಕೂರುವುದು ಮುಂದಿನ ಎರಡು ಕಾಲುಗಳ ಬಳಿ. ಆದ್ದರಿಂದ ಆ ಗೆರೆ ಮುಂದಿನ ಅಂಚಿನ ಹತ್ತಿರವೇ ಇರುತ್ತದೆ, ಹಿಂದಿನಿಂದ ಸಣ್ಣದೊಂದು ತಳ್ಳು ಸಿಕ್ಕರೂ ಚಿತ್ರ ಚಿತ್ರಕಾರನ ಮೈಮೇಲೆ ಬರುತ್ತದೆ.

ಬಯಲಲ್ಲಿ ಆ ತಳ್ಳು ಕೊಡುವುದು ಗಾಳಿ. 92 ಸೆಂ.ಮೀ. ಉದ್ದ, 73 ಸೆಂ.ಮೀ. ಅಗಲದ ಕ್ಯಾನ್ವಾಸ್ ಹಾಯಿಯಂತೆ ಗಾಳಿ ಹಿಡಿಯುತ್ತದೆ. ಗಂಟೆಗೆ 36 ಕಿ.ಮೀ. ವೇಗದ ಗಾಳಿ ಅದನ್ನು ಸುಮಾರು 5 ಕೆ.ಜಿ. ಭಾರದಷ್ಟು ಬಲದಿಂದ ನೂಕುತ್ತದೆ, ಅದೂ ನೆಲದಿಂದ ಒಂದು ಮೀಟರ್ ಎತ್ತರದಲ್ಲಿ. ಈಸೆಲ್‌ನ ತೂಕವೂ 5 ಕೆ.ಜಿ. ಎಂದುಕೊಳ್ಳಿ. ಆದರೆ ಅದು ಬೀಳದಂತೆ ತಡೆಯುವ ಅಂತರ, ಅಂದರೆ ಆ ಗೆರೆಯಿಂದ ಮುಂದಿನ ಅಂಚಿಗೆ, 20 ಸೆಂ.ಮೀ. ಮಾತ್ರ. ಉರುಳಿಸುವ ಬಲದ ಪರಿಣಾಮ ತಡೆಯುವುದರ ಐದು ಪಟ್ಟು! ಗಾಳಿಯ ವೇಗ ಇಮ್ಮಡಿಯಾದರೆ ನೂಕು ನಾಲ್ಕು ಪಟ್ಟಾಗುತ್ತದೆ.

1888ರಲ್ಲಿ ದಕ್ಷಿಣ ಫ್ರಾನ್ಸಿನ ಆರ್ಲ್ ಊರಲ್ಲಿದ್ದ ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋ ಈ ಲೆಕ್ಕ ಬರೆದಿರಲಿಲ್ಲ, ಅನುಭವಿಸಿದ್ದ. ಅಲ್ಲಿನ ಮಿಸ್ಟ್ರಾಲ್ ಎಂಬ ಬಿರುಗಾಳಿ ದಿನಗಟ್ಟಲೆ ಬೀಸುತ್ತದೆ. ಅವನ ಉಪಾಯ: ಈಸೆಲ್‌ನ ಕಾಲುಗಳನ್ನು ಮಣ್ಣಿಗೆ ಊರಿ, ಪಕ್ಕದಲ್ಲಿ 50 ಸೆಂ.ಮೀ. ಉದ್ದದ ಕಬ್ಬಿಣದ ಗೂಟ ನೆಟ್ಟು, ಎಲ್ಲವನ್ನೂ ಹಗ್ಗದಿಂದ ಬಿಗಿಯುವುದು. ತೂಕ ಹೆಚ್ಚಿಸುವ ಬದಲು ನೆಲವನ್ನೇ ಈಸೆಲ್‌ನ ಭಾಗವಾಗಿಸಿಕೊಂಡ. ನನ್ನ ದೃಷ್ಟಿಯಲ್ಲಿ ಇದು ಒಳ್ಳೆಯ ಎಂಜಿನಿಯರಿಂಗ್.

ಕೋಣೆಯೊಳಗೆ ಗಾಳಿಯ ಕಾಟವಿಲ್ಲ. ಅಲ್ಲಿ ಮುಖ್ಯವಾಗುವುದು ಕ್ಯಾನ್ವಾಸಿನ ಓರೆ. ಮೇಜಿನ ಮೇಲೆ ಮಲಗಿಸಿದ ಚಿತ್ರದ ಮೇಲ್ಭಾಗ ಕಣ್ಣಿಗೆ ದೂರವಾಗಿ ಕುಗ್ಗಿ ಕಾಣುತ್ತದೆ. ಅದನ್ನು ನಂಬಿ ಬರೆದರೆ ಗೋಡೆಗೆ ತೂಗುಹಾಕಿದಾಗ ಮುಖ ಉದ್ದವಾಗಿರುತ್ತದೆ. ಕ್ಯಾನ್ವಾಸ್ ನೋಟಕ್ಕೆ ಎದುರಾಗಿ ನಿಂತರೆ ಈ ಮೋಸವಿಲ್ಲ. ತೈಲವರ್ಣಕ್ಕೆ ಕ್ಯಾನ್ವಾಸನ್ನು ನೆಟ್ಟಗೆ, ತುಸು ಮುಂದಕ್ಕೆ ಬಾಗಿಸಿ ಇಟ್ಟರೆ ಒದ್ದೆ ಬಣ್ಣದ ಹೊಳಪು ಕಣ್ಣು ಕುಕ್ಕುವುದಿಲ್ಲ, ದೂಳೂ ಕೂರುವುದಿಲ್ಲ. ಪ್ಯಾಸ್ಟೆಲ್ ಪುಡಿಯೂ ಚಿತ್ರದ ಮೇಲೆ ಜಾರದೆ ಕೆಳಗೆ ಉದುರುತ್ತದೆ. ಜಲವರ್ಣಕ್ಕೆ ಮಾತ್ರ ಹಲಗೆ ಬಹುಪಾಲು ಮಲಗಿರಬೇಕು, ಇಲ್ಲದಿದ್ದರೆ ಬಣ್ಣ ಸುರಿಯುತ್ತದೆ.

ಕಲ್ಯಾಣ ಮಂಟಪದ ಬಾಗಿಲಲ್ಲಿ ವಧೂವರರ ಹೆಸರಿನ ಬೋರ್ಡು ಹೊತ್ತು ನಿಲ್ಲುವುದು ಈಸೆಲ್‌ನದೇ ಬಡಕಲು ತಮ್ಮ. ಕುಂಚದ ಒತ್ತಡ ತಾಳುವ ಕೆಲಸ ಅದಕ್ಕಿಲ್ಲ, ಆದರೆ ಬಾಗಿಲಿನ ಗಾಳಿ ಬಿಡುವುದಿಲ್ಲ. ಮೂರು ಕಾಲುಗಳ ನಡುವೆ, ಆದಷ್ಟು ಕೆಳಗೆ, ನೀರು ತುಂಬಿದ ಎರಡು ಬಾಟಲಿಗಳ ಚೀಲ ಕಟ್ಟಿದರೆ ಗುರುತ್ವ ಕೇಂದ್ರ ಕೆಳಗಿಳಿದು ಹಿಂದಕ್ಕೂ ಸರಿಯುತ್ತದೆ. ಮೇಜಿನ ಬಟ್ಟೆಯಂಥದ್ದೇನಾದರೂ ಸುತ್ತಿ ಅದನ್ನು ಮರೆಮಾಡಬಹುದು.