ತಡವಾಗಿ ಮಾಗಿದ ಫಲ

ಟೆನಿಸ್ ಆಟಕ್ಕೆ 78 ಅಡಿ ಉದ್ದದ, ಏರುತಗ್ಗುಗಳಿಲ್ಲದ ಒಣ ಅಂಕಣ ಬೇಕು. ಮಲೆನಾಡಿನಲ್ಲಿ ಇಂತಹ ನೆಲ ದುರ್ಲಭ. ತುಂಗೆಯ ದಡದ ನೆಮ್ಮಾರಿನಿಂದ ಹಿಡಿದು ಕೊಡಗಿನವರೆಗೆ ಎತ್ತ ನೋಡಿದರೂ ಗುಡ್ಡ, ಕಣಿವೆ, ತೋಟ. ಮಳೆಗಾಲ ಬಂತೆಂದರೆ ತಿಂಗಳುಗಟ್ಟಲೆ ಬಿಡದೆ ಸುರಿಯುವ ಮಳೆ. ಇಂತಹ ಸೀಮೆಯ ಕಾಫಿ ಬೆಳೆಗಾರರ ಮನೆಯಲ್ಲಿ ಬೆಳೆದ ರೋಹನ್ ಬೋಪಣ್ಣನವರು ಟೆನಿಸ್‌ನಲ್ಲಿ ಜಗತ್ತಿನ ಅಗ್ರಸ್ಥಾನವನ್ನು ಮುಟ್ಟಿದರು. ಅದಕ್ಕಿಂತಲೂ ಸೋಜಿಗದ ಸಂಗತಿಯೆಂದರೆ, ಅವರ ಓರಗೆಯ ಆಟಗಾರರಲ್ಲಿ ಹೆಚ್ಚಿನವರು ನಿವೃತ್ತರಾಗಿ ವರ್ಷಗಳೇ ಕಳೆದಿದ್ದಾಗ ಆ ಪದವಿ ಅವರಿಗೆ ಒದಗಿತು.

ಬೋಪಣ್ಣನವರು 1980ರ ಮಾರ್ಚ್ 4ರಂದು ಬೆಂಗಳೂರಿನಲ್ಲಿ ಜನಿಸಿದರು; ಬೆಳೆದುದು ಕೊಡಗಿನಲ್ಲಿ. ಹಾಕಿ ಕೊಡವರಿಗೆ ಮನೆಯ ಆಟವಿದ್ದಂತೆ. ಬಾಲಕ ರೋಹನನಿಗೂ ಹಾಕಿ, ಫುಟ್‌ಬಾಲ್‌ಗಳಲ್ಲಿ ಒಲವಿತ್ತು. ಆದರೆ ಮಗನು ಒಬ್ಬನೇ ನಿಂತು ಆಡುವ ಆಟವೊಂದನ್ನು ಕಲಿಯಲೆಂಬುದು ತಂದೆಯ ಇಚ್ಛೆ. ಅದರಂತೆ ಹನ್ನೊಂದನೆಯ ವಯಸ್ಸಿನಲ್ಲಿ ಅವನು ಟೆನಿಸ್ ರ್ಯಾಕೆಟ್ ಹಿಡಿದನು. ಐದಾರು ವರ್ಷದಲ್ಲಿಯೇ ಅಭ್ಯಾಸ ತೊಡಗುವವರಿರುವ ಈ ಆಟದಲ್ಲಿ ಅದು ತಡವಾದ ಆರಂಭವೇ ಸರಿ. 2002ರಲ್ಲಿ ಅವರು ಡೇವಿಸ್ ಕಪ್ ಪಂದ್ಯದಲ್ಲಿ ಭಾರತವನ್ನು ಪ್ರತಿನಿಧಿಸಿದರು. ಮರುವರ್ಷ ವೃತ್ತಿಪರ ಆಟಗಾರರಾದರು.

ಒಬ್ಬರಿಗೊಬ್ಬರು ಎದುರಾಗಿ ಆಡುವ ಸಿಂಗಲ್ಸ್‌ನಲ್ಲಿ ಅವರಿಗೆ 213ನೆಯ ಸ್ಥಾನಕ್ಕಿಂತ ಮೇಲೇರಲಾಗಲಿಲ್ಲ. ಇಬ್ಬರು ಜೊತೆಗೂಡಿ ಆಡುವ ಡಬಲ್ಸ್‌ನಲ್ಲಿ ತಮ್ಮ ಶಕ್ತಿಯಿದೆಯೆಂಬುದನ್ನು ಅವರು ಕ್ರಮೇಣ ಕಂಡುಕೊಂಡರು. ಡಬಲ್ಸ್‌ನಲ್ಲಿ ಅಂಕಣದ ಅಗಲ 27 ಅಡಿಯಿಂದ 36 ಅಡಿಗೆ ಹಿಗ್ಗುತ್ತದೆ. ಆದರೆ ಅದನ್ನು ಕಾಯುವವರು ಇಬ್ಬರು. ಆದ್ದರಿಂದ ಇಲ್ಲಿ ಓಟಕ್ಕಿಂತ ಬಲವಾದ ಸರ್ವ್, ಬಲೆಯ ಬಳಿ ಚೆಂಡನ್ನು ಕ್ಷಣಮಾತ್ರದಲ್ಲಿ ಎದುರಿಸುವ ಚುರುಕು, ಜೊತೆಗಾರನ ಮನಸ್ಸನ್ನರಿತು ನಡೆಯುವ ಗುಣ ಇವು ಮುಖ್ಯ. ಒಬ್ಬನೇ ಆಡಲೆಂದು ಕಲಿತ ಆಟದಲ್ಲಿ ಅವರಿಗೆ ಕೀರ್ತಿ ಬಂದುದು ಜೊತೆಗೂಡಿ ಆಡಿದುದರಿಂದ.

2010ರಲ್ಲಿ ಅವರು ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿಯವರೊಡನೆ ಅಮೆರಿಕದ ಮುಕ್ತ ಪಂದ್ಯಾವಳಿಯಲ್ಲಿ ಅಂತಿಮ ಸುತ್ತನ್ನು ತಲುಪಿದರು. ವಿಶ್ವಸಂಸ್ಥೆಯಲ್ಲಿದ್ದ ಎರಡೂ ದೇಶಗಳ ರಾಯಭಾರಿಗಳು ಒಟ್ಟಿಗೆ ಕುಳಿತು ಇವರ ಆಟವನ್ನು ನೋಡಿದರು. ಯುದ್ಧ ಬೇಡ, ಟೆನಿಸ್ ಇರಲಿ ಎಂದು ಸಾರಿದ ಈ ಜೋಡಿ ಅಂದು ಅಮೆರಿಕದ ಬ್ರಯಾನ್ ಸಹೋದರರಿಗೆ ಸೋತಿತು. ಆದರೂ ಜನಮನವನ್ನು ಗೆದ್ದಿತು. 2017ರಲ್ಲಿ ಕೆನಡಾದ ಗೇಬ್ರಿಯೆಲಾ ಡಬ್ರೋವ್ಸ್ಕಿಯವರೊಡನೆ ಫ್ರೆಂಚ್ ಪಂದ್ಯಾವಳಿಯ ಮಿಶ್ರ ಡಬಲ್ಸ್ ಪ್ರಶಸ್ತಿ ದೊರೆಯಿತು. ಆದರೆ ಪುರುಷರ ಡಬಲ್ಸ್‌ನ ಮಹಾಪ್ರಶಸ್ತಿ ಮಾತ್ರ ಕೈಗೆಟುಕಲಿಲ್ಲ.

ಈ ನಡುವೆ ದೇಹ ಸಹಕರಿಸದಾಯಿತು. ಮೊಣಕಾಲಿನ ಕೀಲುಗಳಲ್ಲಿ ಮೆತ್ತೆಯಂತಿರುವ ಮೃದ್ವಸ್ಥಿ ಸವೆದುಹೋಗಿ, ನೋವಿನ ಗುಳಿಗೆಗಳನ್ನು ನುಂಗಿ ಆಡಬೇಕಾದ ಸ್ಥಿತಿ ಒದಗಿತು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರ್ ಅವರ ಯೋಗಪದ್ಧತಿ ಅವರಿಗೆ ಆಸರೆಯಾಯಿತು. ಕಾಲುಗಳ ಬಲ ಮರಳಿದರೂ ಗೆಲುವು ಮರಳಲಿಲ್ಲ. 2021ರಲ್ಲಿ ಸುಮಾರು ಐದು ತಿಂಗಳು ಒಂದು ಪಂದ್ಯವನ್ನೂ ಗೆಲ್ಲಲಾಗದೆ, ಇನ್ನು ಆಟ ಸಾಕೆಂದು ಪತ್ನಿಗೆ ಸಂದೇಶ ಕಳುಹಿಸಿದ್ದುಂಟೆಂದು ಅವರೇ ಹೇಳಿದ್ದಾರೆ. ಆಗ ಅವರಿಗೆ ನಲವತ್ತೊಂದು ವರ್ಷ. ಆಟ ಬಿಟ್ಟಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವರು ಬಿಡಲಿಲ್ಲ.

2023ರಲ್ಲಿ ಆಸ್ಟ್ರೇಲಿಯದ ಮ್ಯಾಥ್ಯೂ ಎಬ್ಡೆನ್ ಜೊತೆಗಾರರಾದರು. ಆ ವರ್ಷ ಅಮೆರಿಕದ ಪಂದ್ಯಾವಳಿಯ ಅಂತಿಮ ಸುತ್ತಿನಲ್ಲಿ ಮತ್ತೊಮ್ಮೆ ಸೋಲಾಯಿತು. ನಾಲ್ಕೇ ತಿಂಗಳ ಬಳಿಕ, 2024ರ ಜನವರಿ 27ರಂದು, ಇದೇ ಜೋಡಿ ಮೆಲ್ಬರ್ನಿನಲ್ಲಿ ಆಸ್ಟ್ರೇಲಿಯದ ಪ್ರಶಸ್ತಿಯನ್ನು ಗೆದ್ದಿತು. ಪುರುಷರ ಡಬಲ್ಸ್‌ನ ಮಹಾಪಂದ್ಯಾವಳಿಗಳಲ್ಲಿ ಅದು ಬೋಪಣ್ಣನವರ ಅರವತ್ತೊಂದನೆಯ ಪ್ರಯತ್ನ. ಅದರ ಬೆನ್ನಿಗೇ ಅವರು ಡಬಲ್ಸ್‌ನಲ್ಲಿ ವಿಶ್ವದ ಪ್ರಥಮ ಸ್ಥಾನಕ್ಕೇರಿದರು. ನಲವತ್ತಮೂರನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಆ ಸ್ಥಾನಕ್ಕೇರಿದವರು ಅವರಿಗಿಂತ ಮೊದಲು ಯಾರೂ ಇರಲಿಲ್ಲ. ಭಾರತ ಸರ್ಕಾರ ಆ ವರ್ಷವೇ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು.

2025ರ ನವೆಂಬರ್ 1ರಂದು ಬೋಪಣ್ಣನವರು ವೃತ್ತಿಪರ ಆಟದಿಂದ ನಿವೃತ್ತರಾದರು. ಆದರೆ ಮುಂದಿನ ಬದುಕಿಗೆ ಅವರು ಮೊದಲೇ ಬುನಾದಿ ಹಾಕಿದ್ದರು. ಬೆಂಗಳೂರಿನಲ್ಲಿ ತಮ್ಮ ಹೆಸರಿನ ಟೆನಿಸ್ ಶಾಲೆಯನ್ನು ತೆರೆದು ಎಳೆಯರಿಗೆ ತರಬೇತಿ ದೊರೆಯುವಂತೆ ಮಾಡಿದರು. ದೇಶದ ಡಬಲ್ಸ್ ಆಟಗಾರರಿಗೆ ನೆರವಾಗುವ ಯೋಜನೆಯೊಂದನ್ನು ಆರಂಭಿಸಿದರು. ಮನೆತನದ ಕಸುಬನ್ನು ಮರೆಯದೆ ತಮ್ಮ ಹೆಸರಿನ ಕಾಫಿಯನ್ನೂ ಮಾರುಕಟ್ಟೆಗೆ ತಂದರು.

ಕಾಫಿ ಗಿಡ ನೆಟ್ಟ ವರ್ಷವೇ ಫಲ ಕೊಡುವುದಿಲ್ಲ. ಮೂರು ನಾಲ್ಕು ವರ್ಷ ಕಳೆ ಕೀಳುತ್ತ, ನೆರಳು ಕಾಯುತ್ತ, ಮಳೆಬಿಸಿಲುಗಳನ್ನು ನೋಡುತ್ತ ಬೆಳೆಗಾರನು ತಾಳ್ಮೆಯಿಂದಿರಬೇಕು. ಬೋಪಣ್ಣನವರು ತಮ್ಮ ಆಟಕ್ಕಾಗಿ ಅದಕ್ಕಿಂತಲೂ ಬಹುಕಾಲ ಕಾದರು; ಕಾಯುವಾಗ ಕೈಕಟ್ಟಿ ಕುಳಿತಿರಲಿಲ್ಲ.