ಮೆದುಳಿನ ಸಣ್ಣ ರಕ್ತನಾಳ: ಎಂಆರ್‌ಐಗೆ ಮೊದಲು ಬಿಪಿ ಪಟ್ಟಿ ಕಟ್ಟಿಸಿ

‘ವಯಸ್ಸಾತು, ಮರೀತಾರ, ಬಿಡ್ರಿ.’ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಹಿರಿಯರ ಬಗ್ಗೆ ಈ ಮಾತು ಸಲೀಸಾಗಿ ಬರುತ್ತದೆ. ಆದರೆ ಯೋಚನೆ ನಿಧಾನವಾಗುವುದು, ಕಾಲೆಳೆದು ಸಣ್ಣ ಹೆಜ್ಜೆ ಇಡುವುದು, ಮೂತ್ರ ತಡೆಯಲಾಗದಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಇವೆಲ್ಲ ಒಟ್ಟಿಗೆ ಕಂಡರೆ ಅದು ಬರೀ ವಯಸ್ಸಲ್ಲ. ಮೆದುಳಿನ ಸಣ್ಣ ರಕ್ತನಾಳಗಳ ಕಾಯಿಲೆ ಇರಬಹುದು. ರಕ್ತ ಹರಿಯುವುದು ನಿಂತು ಹೊಡೆಯುವ ಲಕ್ವಾಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಇದರಿಂದಲೇ. ಮರೆಗುಳಿತನಕ್ಕೂ ಇದು ದೊಡ್ಡ ಕಾರಣ.

ಹಿಡಕಲ್ ಡ್ಯಾಮಿನ ಮುಖ್ಯ ಕಾಲುವೆ ತುಂಬಿ ಹರಿದರೂ, ಹೊಲಗಾಲುವೆಯಲ್ಲಿ ಹೂಳು ತುಂಬಿದರೆ ತುದಿಯ ಹೊಲ ಒಣಗುತ್ತದೆ. ಮೆದುಳಿನಲ್ಲೂ ಹಾಗೇ. ವರ್ಷಗಟ್ಟಲೆ ಬಿಪಿ, ಶುಗರ್, ತಂಬಾಕು ಸೇರಿ ಕೂದಲೆಳೆಯಂಥ ನಾಳಗಳ ಗೋಡೆಯನ್ನು ದಪ್ಪ ಮಾಡುತ್ತವೆ. ಆಳದಲ್ಲಿರುವ ಬಿಳಿ ಭಾಗಕ್ಕೆ, ಅಂದರೆ ಮೆದುಳಿನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸುದ್ದಿ ಒಯ್ಯುವ ನರತಂತುಗಳಿಗೆ, ರಕ್ತ ಸಾಲದಾಗುತ್ತದೆ.

ಇದು ಎಂಆರ್‌ಐನಲ್ಲಿ ಮುಖ್ಯವಾಗಿ ಮೂರು ರೂಪದಲ್ಲಿ ಕಾಣುತ್ತದೆ. ಒಂದು, ಬಿಳಿ ಮಚ್ಚೆಗಳು. ಎರಡು, 3ರಿಂದ 15 ಮಿ.ಮೀ. ಅಗಲದ ಸಣ್ಣ ಕುಳಿಗಳು. ಇವನ್ನು ಲಕೂನ್ ಅನ್ನುತ್ತಾರೆ. ಮೂರು, ರಕ್ತ ಜಿನುಗಿದ ಕಪ್ಪು ಚುಕ್ಕೆಗಳು. ಸಿಟಿ ಸ್ಕ್ಯಾನ್‌ನಲ್ಲಿ ದೊಡ್ಡ ಮಚ್ಚೆ ಕಾಣಬಹುದು, ಈ ಕಪ್ಪು ಚುಕ್ಕೆ ಕಾಣದು. ಬಿಳಿ ಮಚ್ಚೆಗಳನ್ನು ‘ಫಝೇಕಾಸ್’ ಎಂಬ 0ರಿಂದ 3ರ ಅಳತೆಯಲ್ಲಿ ಬರೆಯುತ್ತಾರೆ. ಅರವತ್ತು ದಾಟಿದವರ ರಿಪೋರ್ಟಿನಲ್ಲಿ ‘ಗ್ರೇಡ್ 1’ ಎಂದಿದ್ದರೆ ಮನೆಮಂದಿ ಗಾಬರಿಯಾಗಬೇಕಿಲ್ಲ, ಅದು ಬಹಳ ಜನರಲ್ಲಿ ಇರುತ್ತದೆ. 2, 3 ಇದ್ದರೆ ಮಾತ್ರ ಡಾಕ್ಟರ ಬಳಿ ಕೂತು ಮಾತಾಡಲೇಬೇಕು.

ಹಾಗಾದರೆ ರಕ್ತದಲ್ಲೇ ಗೊತ್ತಾಗುವುದಿಲ್ಲವೇ? ಸಂಶೋಧನೆ ಆ ಕಡೆಗೇ ಸಾಗಿದೆ. ನರತಂತು ಹಾಳಾದಾಗ ಅದರೊಳಗಿನ ‘ನ್ಯೂರೋಫಿಲಮೆಂಟ್ ಲೈಟ್’ ಎಂಬ ಪ್ರೋಟೀನ್ ಅತ್ಯಲ್ಪ ಪ್ರಮಾಣದಲ್ಲಿ ರಕ್ತಕ್ಕೆ ಸೋರುತ್ತದೆ. ಬಿಳಿ ಮಚ್ಚೆ ಹೆಚ್ಚಿದ್ದವರಲ್ಲಿ ಇದೂ ಹೆಚ್ಚಿರುವುದು ಕಂಡುಬಂದಿದೆ. ತೊಡಕೇನೆಂದರೆ, ವಯಸ್ಸಾದರೂ ಇದು ಏರುತ್ತದೆ, ಕಿಡ್ನಿ ಸೊರಗಿದರೂ ಏರುತ್ತದೆ, ಬೇರೆ ನರರೋಗಗಳಲ್ಲೂ ಏರುತ್ತದೆ. ಹೊಲದಲ್ಲಿ ಹೊಗೆ ಕಂಡರೆ ಬೆಂಕಿ ಇದೆ ಅನ್ನಬಹುದು, ಕಬ್ಬಿನ ರವದಿಯೋ ಗುಡಿಸಲೋ ಎಂದು ಹೊಗೆ ಹೇಳುವುದಿಲ್ಲ. ‘ಪಿ-ಟೌ 217’ ಪರೀಕ್ಷೆ ಅಲ್ಝೈಮರ್ ಗುರುತಿಸಲು ನೆರವಾಗುತ್ತದೆ. ಅದನ್ನು ಬಳಸುವ ಒಂದು ರಕ್ತ ಪರೀಕ್ಷೆಗೆ ಅಮೆರಿಕದ ಎಫ್‌ಡಿಎ 2025ರ ಮೇನಲ್ಲಿ ಒಪ್ಪಿಗೆ ಕೊಟ್ಟಿತು. ಆದರೆ ಸಣ್ಣ ನಾಳದ ಕಾಯಿಲೆಯನ್ನು ತಾನೊಂದೇ ಖಚಿತಪಡಿಸುವ ರಕ್ತ ಪರೀಕ್ಷೆ ಇನ್ನೂ ಇಲ್ಲ. ಯಾರಾದರೂ ಅಂಥ ‘ಪ್ಯಾಕೇಜ್’ ಮಾರಲು ಬಂದರೆ ಹುಷಾರು.

ಇವೆರಡನ್ನೂ ಒಟ್ಟಿಗಿಟ್ಟು ಹಳ್ಳಿಯ ಜನರನ್ನು ವರ್ಷಗಟ್ಟಲೆ ಗಮನಿಸುವ ಕೆಲಸ ನಮ್ಮ ರಾಜ್ಯದಲ್ಲೇ ನಡೆದಿದೆ, ಆದರೆ ಕೋಲಾರದಲ್ಲಿ. ಬೆಂಗಳೂರಿನ ಐಐಎಸ್‌ಸಿ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್, ಶ್ರೀನಿವಾಸಪುರ ತಾಲೂಕಿನಲ್ಲಿ 45 ದಾಟಿದ 10,000 ಮಂದಿಯನ್ನು ಗುರಿಯಾಗಿಟ್ಟುಕೊಂಡು ‘ಸ್ಯಾನ್ಸ್‌ಕಾಗ್’ ಅಧ್ಯಯನ ನಡೆಸುತ್ತಿದೆ. ಯಾವ ಮಟ್ಟ ಸಹಜ, ಯಾವುದು ಅಪಾಯ ಎಂಬುದನ್ನು ಯುರೋಪಿನವರ ರಕ್ತದಿಂದ ತಿಳಿಯಲಾಗದು. ಅದೇ ತರ್ಕ ಮುಂದುವರಿಸಿದರೆ, ರೊಟ್ಟಿ ಉಣ್ಣುವ, ಕಬ್ಬು ಕಡಿಯುವ, ತಂಬಾಕು ಅಗಿಯುವ ಬೆಳಗಾವಿ ಸೀಮೆಯ ದೇಹವೂ ಲೆಕ್ಕಕ್ಕೆ ಬರಬೇಕು. ಇಂಥದ್ದೊಂದು ಅಧ್ಯಯನ ಘಟಪ್ರಭೆಯ ದಂಡೆಯಲ್ಲೂ ಆಗಲಿ ಎಂದು ಕೇಳುವುದು ದುರಾಸೆಯಲ್ಲ.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಿಲ್ಲ. ಅಮೆರಿಕದ ‘ಸ್ಪ್ರಿಂಟ್ ಮೈಂಡ್’ ಪ್ರಯೋಗ 2019ರಲ್ಲಿ ತೋರಿಸಿದ್ದು ಇದು: ಮೇಲಿನ ಬಿಪಿಯನ್ನು 140ರ ಬದಲು 120ಕ್ಕಿಂತ ಕೆಳಗಿಡಲು ಚಿಕಿತ್ಸೆ ಪಡೆದವರಲ್ಲಿ ನಾಲ್ಕು ವರ್ಷದಲ್ಲಿ ಬಿಳಿ ಮಚ್ಚೆ ಬೆಳೆದದ್ದು 0.92 ಘನ ಸೆಂ.ಮೀ., ಉಳಿದವರಲ್ಲಿ 1.45. ಆ ಪ್ರಯೋಗದಲ್ಲಿ ಶುಗರ್ ಇದ್ದವರು, ಲಕ್ವಾ ಹೊಡೆದವರು ಇರಲಿಲ್ಲ. ಹಾಗಾಗಿ ಯಾರ ಬಿಪಿ ಎಷ್ಟಿರಬೇಕು ಎಂಬುದನ್ನು ಡಾಕ್ಟರೇ ಹೇಳಬೇಕು. ದಿಕ್ಕು ಮಾತ್ರ ಸ್ಪಷ್ಟ.

ಎಂಆರ್‌ಐಗೆ ಬೆಳಗಾವಿಯವರೆಗೆ ಹೋಗಿ ಸಾವಿರಾರು ರೂಪಾಯಿ ಕೊಡುವುದು ಎಲ್ಲರಿಂದ ಆಗದು. ಬಿಪಿ ಯಂತ್ರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಇದೆ. ನಲವತ್ತು ದಾಟಿದವರು ವರ್ಷಕ್ಕೊಮ್ಮೆಯಾದರೂ ತೋರಿಸಿ. ‘ಆರಾಮ ಅದೀನಿ’ ಎಂದು ಗುಳಿಗೆ ಬಿಡಬೇಡಿ. ಮೆದುಳಿನಲ್ಲಿ ರಕ್ತ ಜಿನುಗಿದ್ದರೆ ಆಸ್ಪಿರಿನ್ ಅಪಾಯವಾಗಬಹುದು, ಅದನ್ನು ಸ್ವಂತ ಬುದ್ಧಿಯಿಂದ ನುಂಗಬೇಡಿ. ಬಾಯಿ ಸೊಟ್ಟಗಾಗಿ ಕೈ ಸೋತರೆ ಮಾಲೀಶು, ಹಳ್ಳಿ ಔಷಧಿ ಎಂದು ಹೊತ್ತು ಕಳೆಯದೆ ದೊಡ್ಡಾಸ್ಪತ್ರೆಗೆ ಓಡಿ: ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವುದು ನಾಲ್ಕೂವರೆ ತಾಸು ಮಾತ್ರ.

ಸತ್ತ ನರತಂತುವನ್ನು ಯಾವ ಪರೀಕ್ಷೆಯೂ ಬದುಕಿಸದು. ಉಳಿದದ್ದನ್ನು ಕಾಯುವ ಗುಳಿಗೆ ತಾಲೂಕಿನ ಪ್ರತಿ ಆರೋಗ್ಯ ಕೇಂದ್ರದಲ್ಲೂ ತಿಂಗಳು ತಪ್ಪದೆ ಸಿಗುವಂತೆ ನೋಡಿಕೊಳ್ಳುವುದು ಸರ್ಕಾರದ ಕೆಲಸ, ಸಿಗದಿದ್ದರೆ ಕೇಳುವುದು ನಮ್ಮ ಕೆಲಸ.