ನಿಮಗಿದು ಗೊತ್ತೆ? ವಿಷ ಉಣ್ಣುವ ಚಿಟ್ಟೆ, ನೀರು ಸೀಳುವ ಹಕ್ಕಿ

ಗೋಸ್ತನಿ ನದಿ ಕಡಲು ಸೇರುವುದು ಭೀಮುನಿಪಟ್ಟಣದಲ್ಲಿ. ಆಂಧ್ರದ ಈ ಕರಾವಳಿ ಬಯಲಲ್ಲಿ ಹಾರಾಡುವ ಕ್ರಿಮ್ಸನ್ ರೋಸ್ ಚಿಟ್ಟೆಯ ಮೈ ಕಡುಗೆಂಪು, ರೆಕ್ಕೆ ಕಪ್ಪು. ಮರಿಹುಳು ಈಶ್ವರಿ ಬಳ್ಳಿಯ ವಿಷದೆಲೆ ತಿಂದೇ ಬೆಳೆಯುತ್ತದೆ. ಆ ವಿಷ ಮೈಯಲ್ಲೇ ಉಳಿಯುವುದರಿಂದ ಹಕ್ಕಿಗಳು ಚಿಟ್ಟೆಯ ತಂಟೆಗೆ ಬರುವುದಿಲ್ಲ.

ಚಳಿಗಾಲದಲ್ಲಿ ಇದೇ ಕರಾವಳಿಯ ಕಾಕಿನಾಡ ಬಳಿಯ ಕೋರಿಂಗ ಅಳಿವೆಗೆ ಬರುವ ಇಂಡಿಯನ್ ಸ್ಕಿಮ್ಮರ್ ಪಾಡು ಮಾತ್ರ ಕಷ್ಟದ್ದು. ರೀವ (ಟರ್ನ್) ಹಕ್ಕಿಗಳ ಬಳಗದ ಈ ಹಕ್ಕಿಯ ಕಿತ್ತಳೆ ಕೊಕ್ಕಿನ ಕೆಳಭಾಗ ಮೇಲಿನದಕ್ಕಿಂತ ಉದ್ದ. ಅದನ್ನು ನೀರಿಗೆ ಅದ್ದಿ, ಸೀಳುತ್ತಾ ಹಾರಿ ಮೀನು ಹಿಡಿಯುತ್ತದೆ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್ 2020ರಲ್ಲಿ ಇದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಚಿಟ್ಟೆಗೆ ಅಂಥ ಆಪತ್ತು ಬಂದಿಲ್ಲ. ಸ್ಕಿಮ್ಮರ್ ಮೊಟ್ಟೆಯಿಡುವುದು ಚಂಬಲ್, ಮಹಾನದಿಗಳ ಮರಳುದಿಣ್ಣೆಗಳಲ್ಲಿ. ಅಣೆಕಟ್ಟೆಯ ನೀರು ನುಗ್ಗಿದರೆ ಮೊಟ್ಟೆಗಳು ಕೊಚ್ಚಿಹೋಗುತ್ತವೆ, ನೀರು ತೀರಾ ಇಳಿದರೆ ನಾಯಿಗಳು ನಡೆದೇ ಬಂದು ತಿನ್ನುತ್ತವೆ.